ಕ್ಯೂಬಾದ ಗುಲಾಮರ ಬದುಕು ಅವರದೇ ಮಾತಲ್ಲಿ ಎಲ್ಲಿ ಸಿಗುತ್ತೆ?

ಮಂಡ್ಯದ ಓದುಗಿ:
ನಮ್ಮ ಓದುಗರ ಬಳಗದಲ್ಲಿ ಕ್ಯೂಬಾ ಸಾಹಿತ್ಯದ ಬಗ್ಗೆ ಮಾತಾಡಬೇಕಿದೆ. ಅಲ್ಲಿನ ಲೇಖಕಿ ಅವೆಯಾನೆದಾ ಅವರ ‘ಸಾಬ್’ ಕಾದಂಬರಿ (1841) ಓದಿದೆ. ಗುಲಾಮಗಿರಿ ಜಾರಿಯಲ್ಲಿದ್ದಾಗಲೇ ಗುಲಾಮನನ್ನು ನಾಯಕನನ್ನಾಗಿ ಮಾಡಿದ್ದು ದೊಡ್ಡ ಧೈರ್ಯ. ಆದರೆ ಸಾಬ್ ಯಜಮಾನನ ಮಗಳನ್ನು ಪ್ರೀತಿಸಿ, ಲಾಟರಿಯಲ್ಲಿ ಬಂದ ಹಣವನ್ನೂ ಅವಳ ಮದುವೆಗೇ ಬಿಟ್ಟುಕೊಟ್ಟು ಸಾಯುತ್ತಾನೆ. ಇಷ್ಟು ಸಾಧು ಯಾಕೆ? ನಾನು ಆಲೆಮನೆ ಇದ್ದ ಮನೆಯಲ್ಲಿ ಬೆಳೆದವಳು. ಕಬ್ಬಿನ ಸೋಗೆ ಮೈ ಕೊಯ್ಯೋದು, ಕೊಪ್ಪರಿಗೆ ಮುಂದಿನ ಕಾವು, ಎರಡೂ ಗೊತ್ತು. ಕೂಲಿ ಪಡೆದು ಮಾಡೋರಿಗೇ ಅಷ್ಟು ಕಷ್ಟ. ಚಾವಟಿ ಏಟಿಗೆ ಅದನ್ನೇ ಮಾಡಿದವರು ಏನು ಹೇಳಿದರು? ಅವರ ದೇವರು, ಹಾಡು, ಕುಣಿತ ಯಾವ ಪುಸ್ತಕದಲ್ಲಿವೆ?

ಕುವೆಂಪುನಗರ, ಮೈಸೂರು:
ಮನ್ಸಾನೋ ಓದಿ ಅಕ್ಕ. ಹುವಾನ್ ಫ್ರಾನ್ಸಿಸ್ಕೋ ಮನ್ಸಾನೋ ಗುಲಾಮನಾಗಿದ್ದಾಗಲೇ, 1835ರಲ್ಲಿ, ಆತ್ಮಕಥೆ ಬರೆದ. ಯಜಮಾನ ಬಿಸಾಡಿದ ಹಾಳೆಗಳ ಮೇಲಿನ ಅಕ್ಷರಗಳನ್ನು ತಿದ್ದಿ ತಿದ್ದಿ ಬರೆಯೋದು ಕಲಿತವನು. ತೋಟದಲ್ಲಿ ಜಿರೇನಿಯಂ ಗಿಡದ ಒಂದು ಎಲೆ ಕಿತ್ತಿದ್ದಕ್ಕೆ ಅವನಿಗಾದ ಶಿಕ್ಷೆಯ ಪುಟಗಳನ್ನು ಓದುವಾಗ ನನಗೆ ಕೈ ನಡುಗಿತು. 1840ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಬಂತು. ಮೂಲ ಸ್ಪ್ಯಾನಿಷ್ ಅಚ್ಚಾಗಿದ್ದು 1937ರಲ್ಲಿ! ಎರಡನೇ ಭಾಗ ಕಳೆದೇಹೋಯಿತು. ಇದಕ್ಕೆ ನನಗೆ ಇವತ್ತಿಗೂ ಸಂಕಟ.

ನೀವು ಕೇಳಿದ ಸಾಧುತನಕ್ಕೂ ಕಾರಣ ಇದೆ. ಆ ಕಾಲದ ಕ್ಯೂಬಾದಲ್ಲಿ ದೆಲ್ ಮೋಂತೆ ಎಂಬ ಶ್ರೀಮಂತನ ಸಾಹಿತ್ಯ ಬಳಗದವರು ಬಿಳಿಯ ಓದುಗರ ಮನ ಕರಗಿಸಲು ಗುಲಾಮರ ಕಥೆಗಳನ್ನು ಬರೆಸಿದರು, ಬರೆದರು. ಸಿಟ್ಟಿನ ಗುಲಾಮ ಎಂದರೆ ಆ ಓದುಗರಿಗೆ ಭಯ. ಹೈಟಿಯ ಗುಲಾಮರ ದಂಗೆ ನೆನಪಲ್ಲಿತ್ತು. ಆ ಬಳಗದ ‘ಫ್ರಾನ್ಸಿಸ್ಕೋ’ ಕಾದಂಬರಿಯ ನಾಯಕನೂ ಸಹಿಸಿ ಸಹಿಸಿ ಕೊನೆಗೆ ನೇಣು ಹಾಕಿಕೊಳ್ಳುತ್ತಾನೆ.

ಮದ್ದೂರು ಮೇಷ್ಟ್ರು:
ಮನ್ಸಾನೋ ಹೆಚ್ಚಾಗಿ ಮನೆಯೊಳಗೆ ದುಡಿದವನು ತಾಯಿ, ನಿಮ್ಮ ಕಬ್ಬಿನ ಪ್ರಶ್ನೆಗೆ ಎಸ್ತೆಬಾನ್ ಮೋಂತೆಹೋ ಬೇಕು. ತೋಟದಿಂದ ತಪ್ಪಿಸಿಕೊಂಡು ಕಾಡಲ್ಲಿ ಒಂಟಿಯಾಗಿ ಬದುಕಿದ್ದವನು. ನೂರು ದಾಟಿದ ಮೇಲೆ ಹೇಳಿದ್ದನ್ನು ಕ್ಯೂಬಾದ ಲೇಖಕ ಮಿಗೆಲ್ ಬಾರ್ನೆಟ್ 1966ರಲ್ಲಿ ಪುಸ್ತಕ ಮಾಡಿದರು. ಚಿಗಟ, ಉಣ್ಣಿ ತುಂಬಿದ ಕತ್ತಲ ಕೊಟ್ಟಡಿ, ಭಾನುವಾರದ ಡೋಲು, ಕಾಂಗೋದವರ ಮಾಟ, ಪಶ್ಚಿಮ ಆಫ್ರಿಕಾ ಮೂಲದ ಲುಕುಮಿ ಜನರ ದೇವರು ಎಲ್ಲ ಅದರಲ್ಲಿದೆ. ಗುಲಾಮರನ್ನು ಉಳಿಸಿದ್ದು ಅವರ ಪುಟ್ಟ ಹಿತ್ತಲುಗಳೇ ಅಂತಾನೆ. ಜೋಡಿಸಿದ ಕೈ ಬಾರ್ನೆಟ್ಟರದು ಅನ್ನೋದು ಮಾತ್ರ ಮರೀಬೇಡಿ.

ಮಂಡ್ಯದ ಓದುಗಿ:
ಇಬ್ಬರಿಗೂ ನಮಸ್ಕಾರ. ‘ಸಾಬ್’ ಮಾತು ಕೊನೆಗಿಡ್ತೀನಿ, ಜಿರೇನಿಯಂ ಪುಟಗಳಿಂದ ಶುರು ಮಾಡ್ತೀನಿ. ಮೇಷ್ಟ್ರೇ, ಆ ಹಿತ್ತಲಿನ ಭಾಗ ಕನ್ನಡಕ್ಕೆ ತರೋಕೆ ಶುರು ಮಾಡಿದ್ದೀನಿ, ಮುಗಿದ ಮೇಲೆ ತಿದ್ದಿಕೊಡ್ತೀರಾ?