ವಸಡು ಸರಿದು ಹಲ್ಲು ಉದ್ದ ಕಾಣುತ್ತಿದೆ. ಕ್ಲೀನ್ ಮಾಡಿಸಿದರೆ ಸಡಿಲ ಆಗ್ತದಾ?

ಕಟಪಾಡಿ ಟೈಲರ್:

ನಮಸ್ಕಾರ. ನನಗೆ 46 ವರ್ಷ. ಕಟಪಾಡಿಯಲ್ಲಿ ಸಣ್ಣ ಹೊಲಿಗೆ ಅಂಗಡಿ ಇದೆ. ಬ್ಲೌಸ್, ಚೂಡಿದಾರ, ಶಾಲೆ ಶುರುವಾಗುವಾಗ ಯೂನಿಫಾರ್ಮ್. ಬಾಯಿಯ ವಿಷಯ ಕೇಳಲಿಕ್ಕೆ ಸ್ವಲ್ಪ ನಾಚಿಕೆ. ಗುರುತಿನವರ ಹತ್ತಿರ ಕೇಳಿದರೆ ಊರಿಗೆಲ್ಲ ಸುದ್ದಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಕಂಡದ್ದು ಅಂಗಡಿಯ ಉದ್ದ ಕನ್ನಡಿಯಲ್ಲಿ. ಗಿರಾಕಿಯೊಬ್ಬರ ಬ್ಲೌಸಿನ ಬೆನ್ನು ಸರಿ ಕೂತಿದೆಯಾ ಅಂತ ಹಿಂದೆ ನಿಂತು ನೋಡುತ್ತಿದ್ದೆ. ಅವರು ಏನೋ ಹೇಳಿದರು, ನಾನು ನಕ್ಕೆ. ನನ್ನ ಎಡಗಡೆಯ ಕೋರೆಹಲ್ಲು ಬೇರೆ ಯಾರದ್ದೋ ತಂದು ಇಟ್ಟ ಹಾಗೆ ಉದ್ದ ಕಂಡಿತು. ಬುಡದಲ್ಲಿ ಹಳದಿ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಅದೊಂದೇ ಅಲ್ಲ, ಪಕ್ಕದ ಎರಡರ ವಸಡೂ ಮೇಲಕ್ಕೆ ಸರಿದಿದೆ. ಉಗುರು ಆಡಿಸಿದರೆ ಬುಡದಲ್ಲಿ ಒಂದು ತಗ್ಗು ಸಿಗುತ್ತದೆ. ಈಗ ನಗುವಾಗ ಕೈ ತನ್ನಷ್ಟಕ್ಕೆ ಬಾಯಿಗೆ ಹೋಗುತ್ತದೆ.

ಆಮೇಲೆ ಮಂಗಳೂರಿನಲ್ಲಿ ಅಕ್ಕನ ಮಗಳು ಗಡ್‌ಬಡ್ ಐಸ್‌ಕ್ರೀಮ್ ತೆಗೆಸಿಕೊಟ್ಟಳು. ಮೊದಲ ಚಮಚಕ್ಕೇ ಕಣ್ಣಿನ ತನಕ ಜುಂ ಅಂದಿತು. ಉಳಿದದ್ದು ಅವಳೇ ತಿಂದಳು. ಹಲ್ಲುಜ್ಜುವಾಗ ನೊರೆ ತಿಳಿ ಕೆಂಪಾಗುವುದು ಹೊಸದೇನಲ್ಲ, ಎರಡು ವರ್ಷದಿಂದ ಇದೆ. ಉಷ್ಣ ಅಂದುಕೊಂಡು ಸುಮ್ಮನಿದ್ದೆ.

ಕಡೆಗೆ ಒಂದು ಕ್ಲಿನಿಕ್‌ಗೆ ಹೋದೆ. ಎರಡು ನಿಮಿಷ ನೋಡಿದರು. ನಾಲ್ಕೂ ಭಾಗಕ್ಕೆ ವಸಡು ಬಿಡಿಸಿ ಆಪರೇಷನ್ ಮಾಡಬೇಕು, 32,000 ಆಗುತ್ತದೆ ಅಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಚೀಲ ಎತ್ತಿಕೊಂಡು ಬಂದೆ.

ಮನೆಯಲ್ಲಿ ಅಮ್ಮನದ್ದು ಬೇರೆಯೇ ರಾಗ. "ಆಪರೇಷನ್ ಬಿಡು, ಕ್ಲೀನ್ ಸಹ ಮಾಡಿಸಬೇಡ. ನಿನ್ನ ಅಪ್ಪ ಒಮ್ಮೆ ಮಾಡಿಸಿದ್ದಕ್ಕೆ ಎರಡು ವರ್ಷದಲ್ಲಿ ನಾಲ್ಕು ಹಲ್ಲು ಹೋಯಿತು" ಅಂತ. ಅಪ್ಪ ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುತ್ತಿದ್ದರು, ಅದೂ ನಿಜ.

ಇನ್ನೊಂದು ಹೇಳಿಬಿಡುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದವಡೆ ಹಲ್ಲು ಕಿತ್ತಿದ್ದರು, ಇಂಜೆಕ್ಷನ್ ಹಿಡಿಯುವ ಮೊದಲೇ. ಒಬ್ಬರು ತಲೆ ಒತ್ತಿ ಹಿಡಿದಿದ್ದರು. ಈಗಲೂ ಲವಂಗದ ಎಣ್ಣೆಯ ವಾಸನೆ ಬಂದರೆ ಅಂಗೈ ಬೆವರುತ್ತದೆ. ಮನೆಯಲ್ಲಿ ಪಲಾವಿಗೂ ನಾನು ಲವಂಗ ಹಾಕುವುದಿಲ್ಲ.

ಕ್ಲೀನ್ ಮಾಡಿಸಿದರೆ ನಿಜವಾಗಿ ಸಡಿಲ ಆಗುತ್ತದಾ? ಹೋದ ವಸಡು ತಿರುಗಿ ಬರುತ್ತದಾ? ಮಾಡಿಸಿಕೊಂಡವರು ಹೇಳಿ.

ಕುಂದಾಪುರದ ಹಳೆ ಮೇಷ್ಟ್ರು:

ತಂಗಿ, ನಿಮ್ಮ ಅಮ್ಮ ಹೇಳಿದ್ದನ್ನೇ ನನ್ನ ಹೆಂಡತಿಯೂ ಹೇಳಿದ್ದಳು. ನಾನು ಅದನ್ನೇ ನೆಪ ಮಾಡಿ ಐದು ವರ್ಷ ತಳ್ಳಿದೆ, ಎರಡು ಹಲ್ಲು ಕಳೆದುಕೊಂಡೆ.

ದೋಣಿಯ ಅಡಿಗೆ ಚಿಪ್ಪು ಹಿಡಿಯುವುದನ್ನು ನೋಡಿರಬಹುದು. ಹಲ್ಲಿನ ಬುಡಕ್ಕೂ ಹಾಗೇ ಕಲ್ಲು ಹಿಡಿಯುತ್ತದೆ. ಅದರ ಕೆಳಗೆ ವಸಡು ಬಾತು, ಒಳಗಿನ ಮೂಳೆ ಮೆಲ್ಲಗೆ ಕರಗುತ್ತದೆ. ಹಲ್ಲು ಸಡಿಲವಾಗುವುದು ಆಗಲೇ. ಆ ಕಲ್ಲು ಒಂದಕ್ಕೊಂದು ಅಂಟಿಕೊಂಡು ಸಿಮೆಂಟ್ ಹಾಗೆ ಹಿಡಿದಿರುತ್ತದೆ, ನಮಗೆ ಗೊತ್ತಾಗುವುದಿಲ್ಲ. ತೆಗೆದ ದಿನ ಗೊತ್ತಾಗುತ್ತದೆ. ಬೈಗುಳ ಮಾತ್ರ ಡಾಕ್ಟರಿಗೆ.

ಶುಗರ್ ನೋಡಿಸಿದ್ದೀರಾ? ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ನನ್ನದು 9.1 ಇತ್ತು. ಅದು ಇಳಿಯುವ ತನಕ ವಸಡಿನ ರಕ್ತ ನಿಲ್ಲಲೇ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಾದರೆ ಅದನ್ನೂ ಮೊದಲೇ ಹೇಳಿ. ನಾನು ಬುದ್ಧಿವಂತಿಕೆ ಮಾಡಿ ಎರಡು ದಿನ ಬಿಟ್ಟು ಹೋಗಿದ್ದೆ, ಹಲ್ಲಿನ ಡಾಕ್ಟರು ಸರಿಯಾಗಿ ಬೈದರು. ಬಿಡುವುದೋ ಬೇಡವೋ ಹೃದಯದ ಡಾಕ್ಟರು ಹೇಳಬೇಕಂತೆ, ನಾವಲ್ಲ.

ಬೈಲೂರು ಭಟ್ರು:

ಎಲ್ಲ ಬಿಸಿನೆಸ್ ಮಾರಾಯ್ರೆ. ನನ್ನ ಅಜ್ಜಿ ಉಮಿಕರಿಗೆ (ಭತ್ತದ ಹೊಟ್ಟು ಸುಟ್ಟ ಕರಿ) ಉಪ್ಪು ಹಾಕಿ ತಿಕ್ಕುತ್ತಿದ್ದರು, 80 ವರ್ಷಕ್ಕೂ ಚಕ್ಕುಲಿ ಕಡಿಯುತ್ತಿದ್ದರು. ಮಾವಿನ ಎಲೆ ಉಂಟಲ್ಲ ಅಂಗಳದಲ್ಲಿ? ಬ್ರಷ್ ಬಿಸಾಡಿ.

ಸುರತ್ಕಲ್ ಹಲ್ಲು ಡಾಕ್ಟರ್:

ಭಟ್ರೇ, ಅಜ್ಜಿಗೆ ನಮಸ್ಕಾರ. ಆದರೆ ಈ ಅಕ್ಕನ ಹಲ್ಲಿನ ಬುಡ ಈಗ ಬತ್ತಲೆ ಇದೆ, ಅಲ್ಲಿ ಗಟ್ಟಿ ಹೊದಿಕೆ ಇಲ್ಲ. ಅದಕ್ಕೆ ಉಮಿಕರಿ ತಿಕ್ಕಿದರೆ ಮರಕ್ಕೆ ಪಾಲಿಶ್ ಕಾಗದ ಉಜ್ಜಿದ ಹಾಗೆ.

ಅಕ್ಕ, ಫೋಟೋ ಕೂಡ ನೋಡದೆ ಇಂಥದ್ದೇ ಅಂತ ಹೇಳುವುದಿಲ್ಲ. ಬುಡದಲ್ಲಿ ತಗ್ಗು, ಅದೂ ಎಡಗಡೆ ಅಂದಿರಿ. ಗಟ್ಟಿ ಬ್ರಷ್ಷನ್ನು ಗರಗಸದ ಹಾಗೆ ಅಡ್ಡಡ್ಡ ಎಳೆಯುವ ಬಲಗೈಯವರಲ್ಲಿ ಹೆಚ್ಚಾಗಿ ಎಡಗಡೆಯೇ ಸವೆಯುತ್ತದೆ. ರಕ್ತ ಬರುವುದು ಬೇರೆ ಕಥೆ, ಅದು ಕಲ್ಲು ಮತ್ತು ಸೋಂಕು. ನಿಮಗೆ ಎರಡೂ ಇರಬಹುದು.

ಆಪರೇಷನ್ ಅನ್ನುವ ಮೊದಲು ಅಳತೆ ಬೇಕು. ಸಣ್ಣ ಗೆರೆಗಳಿರುವ ಒಂದು ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿ ಆಳ ನೋಡುತ್ತೇವೆ. 3 ಮಿಲಿಮೀಟರ್ ತನಕ ಸಾಮಾನ್ಯ. ಅದಕ್ಕಿಂತ ಆಳ ಇದ್ದರೆ ಮರಗಟ್ಟಿಸಿ ಬೇರಿನ ತನಕ ಕ್ಲೀನ್ ಮಾಡುತ್ತೇವೆ. ಆರೆಂಟು ವಾರ ಬಿಟ್ಟು ಮತ್ತೆ ಅಳೆಯುತ್ತೇವೆ. ಆಗಲೂ ಆಳ ಉಳಿದ ಕಡೆ ಮಾತ್ರ ಆಪರೇಷನ್ ಮಾತು. ಹೋದ ವಸಡು ತಾನಾಗಿ ಬೆಳೆಯುವುದಿಲ್ಲ. ಇನ್ನೂ ಹೋಗದ ಹಾಗೆ ತಡೆಯಬಹುದು. ಕೆಲವರಿಗೆ ಅಂಗುಳಿನಿಂದ ಚೂರು ಚರ್ಮ ತೆಗೆದು ಅಲ್ಲಿ ಮುಚ್ಚುತ್ತಾರೆ, ಎಲ್ಲರಿಗೂ ಆಗುವುದಿಲ್ಲ.

ನಾಳೆಯಿಂದಲೇ ಸಾಫ್ಟ್ ಬ್ರಷ್. ವಸಡಿನ ಕಡೆಗೆ ಓರೆ ಹಿಡಿದು ಅಲ್ಲಲ್ಲೇ ಸಣ್ಣಗೆ ಅಲ್ಲಾಡಿಸಿ. ಜುಂ ಅನ್ನುವುದಕ್ಕೆ ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟ್. ಎರಡು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ.

ಕೊನೆಗೊಂದು ಪ್ರಶ್ನೆ. ದಾರ ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತೀರಾ?

ಕಟಪಾಡಿ ಟೈಲರ್:

ಅಯ್ಯೋ ದೇವರೇ, ನಿಮಗೆ ಹೇಗೆ ಗೊತ್ತಾಯಿತು! 25 ವರ್ಷದಿಂದ.

ಕಾರ್ಕಳ 93:

ನನಗೆ ಕೆಳಗಿನ ಮುಂದಿನ ಹಲ್ಲಿಗೆ ಅಂಗುಳಿನಿಂದ ತೆಗೆದು ಹಾಕಿದ್ದಾರೆ. ಹಾಕಿದ ಕಡೆ ಅಷ್ಟೇನೂ ನೋವಿಲ್ಲ, ತೆಗೆದ ಕಡೆ ಬಿಸಿ ಚಾ ಕುಡಿದು ಸುಟ್ಟುಕೊಂಡ ಹಾಗೆ ಒಂದು ವಾರ. ತಣಿದ ಗಂಜಿ, ಮಜ್ಜಿಗೆ, ಅಷ್ಟೇ. ಕೋರಿ ರೊಟ್ಟಿ ನೋಡಿ ಅಳು ಬಂದಿತ್ತು.

ಕಟಪಾಡಿ ಟೈಲರ್ (ಮೂರು ತಿಂಗಳ ನಂತರ):

ಎಲ್ಲರಿಗೂ ಉತ್ತರ ಬಾಕಿ ಇದೆ, ಕ್ಷಮಿಸಿ. ಮಳೆಗಾಲದ ಆಟಿ ತಿಂಗಳು ಬರಲಿ ಅಂತ ಕಾದೆ. ಆಟಿಯಲ್ಲಿ ಮದುವೆ ಇಲ್ಲ, ಬ್ಲೌಸೂ ಇಲ್ಲ. ಮಣಿಪಾಲದ ಡೆಂಟಲ್ ಕಾಲೇಜಿಗೆ ಹೋದೆ. ಟೈಗರ್ ಸರ್ಕಲ್‌ನಲ್ಲಿ ಬಸ್ ಇಳಿಯುವಾಗ ಜಡಿಮಳೆ, ವಾಪಸ್ ಹೋಗಲಿಕ್ಕೆ ಒಳ್ಳೆಯ ಕಾರಣ ಅನಿಸಿತ್ತು.

ನೋಡಿದ್ದು ಪಿಜಿ ಓದುವ ಹುಡುಗಿ, ಅಕ್ಕನ ಮಗಳ ಪ್ರಾಯ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಏಳನೇ ಕ್ಲಾಸಿನ ಕಥೆ ಹೇಳಿಬಿಟ್ಟೆ. ಅವಳು ಕೇಳಿಸಿಕೊಂಡಳು. "ಎಡಗೈ ಎತ್ತಿ ಆಂಟಿ, ಎತ್ತಿದ ಕೂಡಲೇ ನಿಲ್ಲಿಸುತ್ತೇನೆ" ಅಂದಳು. ಪರೀಕ್ಷೆ ಮಾಡಲಿಕ್ಕೆ ನಾನು ಸುಮ್ನೆ ಒಮ್ಮೆ ಎತ್ತಿದೆ. ನಿಲ್ಲಿಸಿದಳು. ಅರ್ಧ ಹೆದರಿಕೆ ಅಲ್ಲಿಗೇ ಹೋಯಿತು.

ಆಮೇಲೆ ಅಳತೆ. ಅವಳು ಕಡ್ಡಿ ಇಳಿಸಿ "ಮೂರು, ಎರಡು, ನಾಲ್ಕು" ಅಂತ ಹೇಳುವುದು, ಇನ್ನೊಬ್ಬಳು ಬರೆಯುವುದು. ಒಂದೊಂದು ಹಲ್ಲಿಗೆ ಆರು ಕಡೆ. ನಾನು ಟೇಪ್ ಹಿಡಿದು "ಎದೆ 36, ತೋಳು 10" ಅನ್ನುವುದು, ನನ್ನ ಹುಡುಗಿ ಬರೆಯುವುದು, ಸರೀ ಹಾಗೇ. ಕಣ್ಣು ಮುಚ್ಚಿ ಅಂಕೆ ಲೆಕ್ಕ ಹಾಕುತ್ತಾ ಕೂತೆ. ಐದು, ಆರು ಅಂದದ್ದು ಹಿಂದಿನ ಮೂರು ಹಲ್ಲಿಗೆ ಮಾತ್ರ. ಉಳಿದದ್ದೆಲ್ಲ ಮೂರು, ಹೆಚ್ಚೆಂದರೆ ನಾಲ್ಕು. ಅಳತೆಯೇ ತೆಗೆಯದೆ ನಾಲ್ಕೂ ಭಾಗಕ್ಕೆ ಬಟ್ಟೆ ಕತ್ತರಿಸಲಿಕ್ಕೆ ಹೊರಟಿದ್ದರಲ್ವಾ ಆ ಕ್ಲಿನಿಕ್‌ನವರು! ನಾನು ಹಾಗೆ ಹೊಲಿದರೆ ಗಿರಾಕಿ ಬ್ಲೌಸನ್ನು ಮುಖಕ್ಕೆ ಬಿಸಾಡಿಯಾರು.

ಇಂಜೆಕ್ಷನ್ ಮೊದಲು ವಸಡಿಗೆ ಜೆಲ್ಲಿ ಹಚ್ಚಿದರು. ಚುಚ್ಚಿದ ಮೇಲೆ ಎದೆ ಢವಢವ. ಹೆದರಿಕೆ ಒಂದೇ ಅಲ್ಲ, ಔಷಧದಲ್ಲಿ ಅಡ್ರಿನಲಿನ್ ಇರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ ಅಂದಳು. ನಿಂತಿತು. ಮುಟ್ಟಿ ಮುಟ್ಟಿ "ಗೊತ್ತಾಗ್ತದಾ?" ಅಂತ ಕೇಳಿಯೇ ಶುರು ಮಾಡಿದ್ದು. ಬಲಗಡೆ ಒಂದು ದಿನ, ಎಡಗಡೆ ಮುಂದಿನ ವಾರ. ನೋವಿಲ್ಲ, ಆದರೆ ಕೆರೆಯುವ ಸದ್ದು ತಲೆಯ ಒಳಗೇ ಕೇಳಿಸುತ್ತದೆ. ಅದಕ್ಕೆ ಇಂಜೆಕ್ಷನ್ ಇಲ್ಲ.

ಮೇಷ್ಟ್ರೇ, ನೀವು ಹೇಳಿದ್ದು ಸತ್ಯ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಗೆಗೆ ಒಂದು ಗೋಡೆ ಸಿಗುತ್ತಿತ್ತು. ಅದು ನನ್ನ ಹಲ್ಲೇ ಅಂದುಕೊಂಡಿದ್ದೆ! ಮನೆಗೆ ಬಂದು ನೋಡಿದರೆ ಗೋಡೆ ಇಲ್ಲ, ಸಂದು ಸಂದು, ನೀರು ಮುಕ್ಕಳಿಸಿದರೆ ಗಾಳಿ ಹೋದ ಹಾಗೆ. ಎರಡು ವಾರ ಏನು ಕಚ್ಚಿದರೂ ಹಲ್ಲು ಅಲ್ಲಾಡಿದ ಹಾಗೆ ಆಗುತ್ತಿತ್ತು. ಅಮ್ಮ "ನಾನು ಹೇಳಲಿಲ್ಲವಾ" ಅಂತ ಗಂಜಿ ಬಡಿಸುವಾಗೆಲ್ಲ ಹೇಳಿದರು. ನಾನೂ ಒಂದು ರಾತ್ರಿ ಅತ್ತಿದ್ದೇನೆ, ಸುಳ್ಳು ಯಾಕೆ. ಮೂರನೇ ವಾರ ಯೋಚನೆ ಇಲ್ಲದೆ ಬಂಗುಡೆಯ ಮುಳ್ಳು ಚೀಪುತ್ತಿದ್ದೆ. ಆಗ ನೆನಪಾಯಿತು, ಓ, ಅಲ್ಲಾಡುವುದು ನಿಂತಿದೆ ಅಂತ.

ಶುಗರ್ ಇಲ್ಲ. ಎರಡು ತಿಂಗಳಿಗೆ ಮತ್ತೆ ಅಳೆದರು. ಐದು ಇದ್ದದ್ದು ಮೂರು, ಒಂದು ಆರು ನಾಲ್ಕಾಗಿದೆ. ಮೇಲಿನ ಕೊನೆಯ ದವಡೆ ಹಲ್ಲು ಮಾತ್ರ ಇನ್ನೂ ಐದರಲ್ಲೇ ಇದೆ. ಅದಕ್ಕೆ ಆಪರೇಷನ್ ಬೇಕಾಗಬಹುದು, ಮೂರು ತಿಂಗಳು ಬಿಟ್ಟು ನೋಡುವ ಅಂದಿದ್ದಾರೆ. ಕೋರೆಹಲ್ಲಿನ ತಗ್ಗಿಗೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿದರು, ಜುಂ ಅನ್ನುವುದು ಹೋಯಿತು. ಹಲ್ಲು ಉದ್ದ ಇದ್ದದ್ದು ಉದ್ದವೇ. ಕನ್ನಡಿ ನೋಡಿದರೆ ಖುಷಿ ಆಗುತ್ತದೆ ಅಂತ ಹೇಳಲಾರೆ.

ಒಂದು ಮೌತ್‌ವಾಶ್ ಎರಡೇ ವಾರಕ್ಕೆ ಕೊಟ್ಟಿದ್ದರು. ಚೆನ್ನಾಗಿದೆ ಅಂತ ನಾನು ಒಂದು ತಿಂಗಳು ಹಾಕಿ ಹಲ್ಲೆಲ್ಲ ಕಂದು ಮಾಡಿಕೊಂಡೆ. ಹಾಗೆ ಮಾಡಬೇಡಿ. ಆ ಕಲೆ ತೆಗೆಸಲಿಕ್ಕೆ ಮತ್ತೊಂದು ದಿನ ಅಂಗಡಿ ಬಂದ್.

ಸುರತ್ಕಲ್ ಡಾಕ್ಟರಮ್ಮ, ಮುಂದಿನ ಹಲ್ಲಿನ ತುದಿಯಲ್ಲಿ ದಾರ ಕೂರುವ ಸಣ್ಣ ಕಚ್ಚು ಇದೆ ಅಂತ ಮಣಿಪಾಲದ ಹುಡುಗಿಯೂ ಕನ್ನಡಿಯಲ್ಲಿ ತೋರಿಸಿದಳು. ಸರಿಯಾಗಿ ದಾರದ್ದೇ ಅಗಲ. ಈಗ ಸಣ್ಣ ಕತ್ತರಿಯನ್ನು ಲಾಡಿಯಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ. ನವರಾತ್ರಿಯ ಗಡಿಬಿಡಿ, ನಿನ್ನೆ ಒಂದೇ ದಿನ ಎರಡು ಸಲ ಬಾಯಿಗೇ ಹೋಯಿತು. ಅಂಗಡಿಯ ಹುಡುಗಿ "ಅಕ್ಕಾ!" ಅಂತ ಕೂಗಿದಳು.

ಸಂದಿಗೆ ಹಾಕುವ ಪುಟ್ಟ ಬ್ರಷ್ ಇದೆಯಲ್ಲ, ಬಾಟಲಿ ತೊಳೆಯುವುದರ ಮರಿ ಹಾಗೆ, ಅದು ಕಟಪಾಡಿಯ ಮೆಡಿಕಲ್‌ನಲ್ಲಿ ಒಂದೇ ಸೈಜ್ ಸಿಗುತ್ತಿದೆ, ಮುಂದಿನ ಹಲ್ಲಿಗೆ ತುರುಕುವುದಿಲ್ಲ. ಉಡುಪಿಯಲ್ಲಿ ಸಣ್ಣದು ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?

ಕುಂದಾಪುರದ ಹಳೆ ಮೇಷ್ಟ್ರು:

ತುರುಕಬೇಡಿ ತಂಗಿ, ತಂತಿ ಬಗ್ಗುತ್ತದೆ. ಮುಂದಿನ ಸಲ ಮಣಿಪಾಲಕ್ಕೆ ಹೋಗುವಾಗ ಆ ಹುಡುಗಿಯ ಹತ್ತಿರವೇ ಯಾವ ಹಲ್ಲಿಗೆ ಯಾವ ಸೈಜ್ ಅಂತ ಬರೆಸಿಕೊಳ್ಳಿ. ಸೈಜಿಗೊಂದು ಬಣ್ಣ, ನನ್ನ ಹತ್ತಿರ ಮೂರು ಬಣ್ಣದ್ದು ಇದೆ. ಅಲ್ಲಿಗೆ ಹೋಗುವ ತನಕ ಮುಂದಿನ ಹಲ್ಲಿಗೆ ಫ್ಲಾಸ್ ದಾರ ಹಾಕಿ. ಆ ದಾರ ಕಚ್ಚಬೇಡಿ ಮತ್ತೆ.