ಮಗಳ ಏರ್ ರೈಫಲ್‌ಗೆ ಯಾವ ಪೆಲೆಟ್ ಹೊಂದುತ್ತೆ? ಅನುಭವ ಇದ್ದವರು ಹೇಳಿ

ನಾವು ದಾವಣಗೆರೆಯವರು. ಮಗಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಅದಕ್ಕೆ ಹಾಕುವ ಸಣ್ಣ ಸೀಸದ ಗುಂಡೇ ಪೆಲೆಟ್. ದೊಡ್ಡ ರೈಫಲ್‌ನವರು ಹಿತ್ತಾಳೆ ಕೇಸನ್ನು (ಮದ್ದು ತುಂಬುವ ಕೊಳವೆ) ಒಮ್ಮೆ ಹಾರಿಸಿ ತಮ್ಮ ರೈಫಲ್‌ನ ಅಳತೆಗೆ ತಂದುಕೊಳ್ಳುತ್ತಾರಂತೆ, ಫೈರ್ ಫಾರ್ಮಿಂಗ್ ಅಂತ ಓದಿದೆ. ನಮಗೂ ಅಂಥ ತಯಾರಿ ಇದೆಯಾ? ಪೆಲೆಟ್‌ಗಳನ್ನು ಒಂದೊಂದಾಗಿ ತೂಕ ಹಾಕಬೇಕಾ?

ವಿದ್ಯಾನಗರದಿಂದ:
ಸರ್, ಏರ್ ರೈಫಲ್‌ನಲ್ಲಿ ಕೇಸೂ ಇಲ್ಲ, ಮದ್ದೂ ಇಲ್ಲ. ಹಿತ್ತಾಳೆ ಕೇಸು ಮದ್ದಿನ ಒತ್ತಡಕ್ಕೆ ಹಿಗ್ಗಿ ಆ ಬಂದೂಕಿನ ಚೇಂಬರ್ (ಕೇಸು ಕೂರುವ ಜಾಗ) ಗೋಡೆಗೆ ಅಂಟುತ್ತದೆ, ಆಮೇಲೆ ಸ್ವಲ್ಪವೇ ಕುಗ್ಗುತ್ತದೆ. ಹಾಗಾಗಿ ಅದು ಆ ಬಂದೂಕಿಗೇ ಸರಿಯಾಗಿ ಕೂರುತ್ತದೆ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಗುಂಡು ತಯಾರಿಸಲು 1959ರ ಆಯುಧ ಕಾಯ್ದೆ ಪ್ರಕಾರ ಪರವಾನಗಿ ಬೇಕು.

ಆದರೆ ನಿಮ್ಮ ಪ್ರಶ್ನೆಯ ಒಳಗಿನ ವಿಚಾರ ನಮಗೂ ಬೇಕಾದದ್ದೇ. ನಾವು ಪೆಲೆಟನ್ನು ಬ್ಯಾರೆಲ್‌ಗೆ ಹೊಂದಿಸಿ ಆರಿಸಬೇಕು. 4.49, 4.50, 4.51 ಮಿ.ಮೀ. ಅಂತ ಪೆಲೆಟ್‌ನ ತಲೆಯ ಅಳತೆ ಡಬ್ಬಿ ಮೇಲೆ ಇರುತ್ತದೆ. ಪಕ್ಕದವರ ರೈಫಲ್‌ಗೆ ಚೆನ್ನಾಗಿ ಬಿದ್ದದ್ದು ನಿಮ್ಮದಕ್ಕೆ ಬೀಳದೇ ಇರಬಹುದು. ಒಂದೊಂದು ಅಳತೆಯ ಒಂದೊಂದು ಡಬ್ಬಿ ತನ್ನಿ. ರೈಫಲನ್ನು ಮರದ ಬೆಂಚಿನ ವೈಸ್‌ಗೆ (ಬಿಗಿಯಾಗಿ ಹಿಡಿಯುವ ಸಾಧನ) ರಬ್ಬರ್ ಇಟ್ಟು ಹಿಡಿಸಿ. ಆದರೆ ಗಾಳಿ ಸಿಲಿಂಡರ್ ಮೇಲೆ ಒತ್ತಲೇಬೇಡಿ. ಒಂದೊಂದು ಡಬ್ಬಿಯಿಂದ ಹತ್ತು ಹತ್ತು ಹೊಡೆದು, ತೂತುಗಳ ಗುಂಪು ಎಷ್ಟು ಅಗಲ ಅಂತ ಅಳೆಯಿರಿ.

ಗುರಿಯ ನಡುವಿನ ಚುಕ್ಕಿ ಬರೀ 0.5 ಮಿ.ಮೀ. 4.5 ಮಿ.ಮೀ. ಪೆಲೆಟ್‌ನ ಅಂಚು ತಾಗಿದರೂ 10 ಸಿಗುತ್ತದೆ. ಅಂದರೆ ಪೆಲೆಟ್‌ನ ನಡು ಗುರಿಯ ನಡುವಿನಿಂದ ಎರಡೂವರೆ ಮಿ.ಮೀ. ಒಳಗಿರಬೇಕು. ಅಷ್ಟರಲ್ಲಿ ಮಗಳ ಕೈ ಅಲುಗಿದ್ದೂ ಸೇರುತ್ತದೆ, ಪೆಲೆಟ್‌ಗೆ ಎಷ್ಟು ಉಳಿಯಿತು ಹೇಳಿ!

ಇನ್ನೊಂದು ಮಾತು, ನಾನು ನೋವುಪಟ್ಟು ಕಲಿತದ್ದು. ಚೆನ್ನಾಗಿ ಬಿದ್ದ ಡಬ್ಬಿಯ ಹೆಸರು ನೋಡಿ ಒಟ್ಟಿಗೆ ಹತ್ತು ಡಬ್ಬಿ ತರಿಸಿದೆ. ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬೇರೆ ಇತ್ತು. ಗುಂಪು ಅಗಲವಾಯಿತು. ಮಗ ತನ್ನ ಹಿಡಿತವೇ ಕೆಟ್ಟಿತು ಅಂದುಕೊಂಡು ಎರಡು ವಾರ ಬೇಜಾರಲ್ಲಿದ್ದ. ಹೆಸರು, ತಲೆ ಅಳತೆ, ಲಾಟ್ ಮೂರೂ ಒಂದೇ ಇರಲಿ.

ಚಿತ್ರದುರ್ಗದಿಂದ:
ತೂಕದ ವಿಚಾರ ನಾನು ಹೇಳ್ತೀನಿ. ಮ್ಯಾಚ್ ಪೆಲೆಟ್ (ಸ್ಪರ್ಧೆಗೆ ಬಳಸುವುದು) ಸುಮಾರು 0.53 ಗ್ರಾಂ. ಒಂದು ಮಿಲಿಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ನಾನು ಇಡೀ ಡಬ್ಬಿ ತೂಗಿದೆ, ರಾತ್ರಿಯೆಲ್ಲ ಹೋಯಿತು. ಒಳ್ಳೆ ಡಬ್ಬಿಯಲ್ಲಿ ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ಈಗ ಪೆಲೆಟ್‌ನ ಹಿಂಭಾಗದ ತೆಳು ಅಂಚನ್ನಷ್ಟೇ ನೋಡ್ತೀನಿ. ಸೀಸ ತುಂಬ ಮೆತ್ತಗೆ. ಡಬ್ಬಿ ಒಮ್ಮೆ ಕೆಳಗೆ ಬಿದ್ದರೆ ಆ ಅಂಚು ಸೊಟ್ಟಗಾಗುತ್ತದೆ. ಅಂಥವನ್ನು ಅಭ್ಯಾಸಕ್ಕೂ ಬಳಸಲ್ಲ, ತೆಗೆದಿಡ್ತೀನಿ.

ಪಿ.ಜೆ. ಬಡಾವಣೆಯಿಂದ:
ಬ್ಯಾರೆಲ್ ಒರೆಸಿದ ತಕ್ಷಣ ಟೆಸ್ಟ್ ಮಾಡಬೇಡಿ. ಕೆಲವು ಹೊಡೆತ ಹೋದ ಮೇಲೇ ಗುಂಪು ಕೂರುತ್ತದೆ. ಮತ್ತೆ ಮಗಳಿಗೆ ಹೇಳಿ: ಪೆಲೆಟ್ ಮುಟ್ಟಿದ ಕೈಯಲ್ಲಿ ಏನೂ ತಿನ್ನಬಾರದು, ಸೀಸ ಹೊಟ್ಟೆಗೆ ಹೋಗುತ್ತದೆ. ಮಂಡಕ್ಕಿ ಮಿರ್ಚಿ ಏನಿದ್ದರೂ, ಸೋಪು ಹಾಕಿ ಕೈ ತೊಳೆದ ಮೇಲೆಯೇ.