ಲಂಟಾನದಂಥ ಗಿಡಕ್ಕೆ ಏನನ್ನಬೇಕು: ಹಳು, ಕಳೆ, ಒತ್ತುವರಿ?

ನಮಸ್ಕಾರ.

ತೀರ್ಥಹಳ್ಳಿ ಹತ್ತಿರದ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಲಂಟಾನವೆಂಬ ಪೊದೆಗಿಡ ತುಂಬಿಹೋಗಿದೆ. ಕಳೆದ ವರ್ಷ ಕೆಲಸಕ್ಕೆ ಬಂದವರಿಗೆ ‘ಹಳು ಸವರಿ’ ಎಂದು ಹೇಳಿ ಪೇಟೆಗೆ ಹೋದೆ. ಸಂಜೆ ಬಂದು ನೋಡಿದರೆ ಮೊಣಕಾಲೆತ್ತರ ಬಂದಿದ್ದ ಹೊನ್ನೆ, ಉಪ್ಪಾಗೆ ಸಸಿಗಳೂ ನೆಲಕ್ಕೆ ಬಿದ್ದಿದ್ದವು. ‘ನೀವೇ ಹಳು ಅಂದ್ರಲ್ಲ ಮಾರಾಯ್ರೇ’ ಅಂದರು. ತಪ್ಪು ಅವರದಲ್ಲ. ನಮ್ಮ ಕಡೆ ಹಳು ಎಂದರೆ ಮರದಡಿ ಬೆಳೆದ ಎಲ್ಲ ಗಿಡಗಂಟಿಯೂ ಹೌದು. ‘ಸವರು’ ಎಂದದ್ದೂ ಸರಿಯಲ್ಲ. ಕತ್ತಿಯಲ್ಲಿ ಸವರಿದ ಲಂಟಾನ ಮಳೆ ಬಿದ್ದಿದ್ದೇ ತಡ, ಒಂದೊಂದು ಬುಡದಲ್ಲಿ ನಾಲ್ಕೈದು ಚಿಗುರು ಒಡೆಯಿತು. ಅದನ್ನು ಬೇರುಸಹಿತ ಕೀಳಬೇಕು, ಅದೂ ಹಣ್ಣಾಗುವ ಮೊದಲೇ. ಹಣ್ಣಾದರೆ ಪಿಕಳಾರ ಹಕ್ಕಿಗಳು ತಿಂದು ಬೆಟ್ಟಕ್ಕೆಲ್ಲ ಬೀಜ ಹಾಕುತ್ತವೆ.

ಪತ್ರಿಕೆಯವರು ‘ಆಕ್ರಮಣಕಾರಿ ಸಸ್ಯ’ ಎನ್ನುತ್ತಾರೆ. ದಂಡು ಕಟ್ಟಿಕೊಂಡು ಬಂದ ಹಾಗೆ ಕೇಳುತ್ತದೆ. ಲಂಟಾನವನ್ನು ಹೂವಿನ ಚೆಂದಕ್ಕೆಂದೇ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಿದ್ದರು. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ. ಹೂ ಬಿಟ್ಟ ಗಿಡ ಕೀಳುವಾಗ ಇವತ್ತಿಗೂ ನನ್ನ ಕೈ ಒಂದು ಗಳಿಗೆ ಹಿಂಜರಿಯುತ್ತದೆ.

‘ಪರದೇಶಿ ಗಿಡ’ ಎನ್ನೋಣವೆಂದರೆ, ನಮ್ಮ ಮಾತಿನಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು. ಮೇಲಾಗಿ ಲಂಟಾನದ ಹಾಗೆ ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು, ಅದು ಹಿತ್ತಿಲು ದಾಟಿ ಕಾಡು ನುಂಗಲಿಲ್ಲ. ‘ಕಳೆ’ ಗದ್ದೆ-ತೋಟದ ಮಾತು, ಬೆಳೆಯಿದ್ದಲ್ಲಿ ಕಳೆ. ಬೆಟ್ಟದಲ್ಲಿ ಬೆಳೆ ಯಾವುದು?

ನನಗೆ ಹೊಳೆದದ್ದು ‘ಒತ್ತುವರಿ ಗಿಡ’. ಬೇಲಿ ವರ್ಷಕ್ಕೊಂದು ಮೊಳ ಸರಿಯುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಈ ಗಿಡ ಮಾಡುವುದೂ ಅದನ್ನೇ. ಅರ್ಥ ಕೂಡಲೇ ತಲುಪುತ್ತದೆ. ಆದರೆ ನೆರೆಮನೆಯ ಹಿರಿಯರೊಬ್ಬರ ಮುಂದೆ ಆಡಿದಾಗ ಅವರ ಮುಖ ಸಣ್ಣದಾಯಿತು. ಅವರ ಎರಡೆಕರೆಗೆ ತೆರವಿನ ನೋಟಿಸು ಬಂದಿದೆ. ಗಿಡದ ನೆಪದಲ್ಲಿ ಅಂಥವರನ್ನು ಚುಚ್ಚುವುದು ನನಗೆ ಬೇಡ.

‘ಮುತ್ತು’ ಕ್ರಿಯಾಪದದಿಂದ ‘ಮುತ್ತುಗಿಡ’ ಮಾಡಿ ನೋಡಿದೆ. ಕೇಳಿದವರಿಗೆಲ್ಲ ಮುತ್ತುಗದ ಮರ ನೆನಪಾಯಿತು. ‘ಹಬ್ಬುಗಳೆ’ ಕಿವಿಗೆ ಹಿತ, ಆದರೆ ಅದರಲ್ಲೂ ಕಳೆ ಉಳಿಯಿತು.

ಸೊರಬ, ಸಾಗರ, ಹೊಸನಗರದ ಕಡೆ ಹಳುವಿನಲ್ಲಿ ಬೇಕಾದ್ದು, ಬೇಡವಾದ್ದು ಎಂದು ಬೇರೆ ಮಾಡಿ ಹೇಳುವ ಪದವಿದೆಯೇ? ಹಿರಿಯರ ಬಾಯಲ್ಲಿ ಕೇಳಿದ್ದರೆ, ಕೇಳಿದ ಹಾಗೆಯೇ, ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಮಳೆ ಹಿಡಿದು ನೆಲ ಮೆತ್ತಗಾದ ಕೂಡಲೇ ಕೀಳುವ ಕೆಲಸ ಶುರು ಮಾಡಬೇಕು. ಅಷ್ಟರೊಳಗೆ ಕೆಲಸದವರಿಗೆ ಹೇಳುವ ಒಂದು ಮಾತು ಬೇಕಾಗಿದೆ.